ಮೊಬೈಲಿಗೆ ಬಂದ ಡಂಗುರ

2023ರ ಅಕ್ಟೋಬರ್ 12, ಗುರುವಾರ. ನಮ್ಮ ಬಡಾವಣೆಯ ನ್ಯಾಯಬೆಲೆ ಅಂಗಡಿಯ ಮುಂದೆ ಪಡಿತರಕ್ಕೆ ಸಾಲುಗಟ್ಟಿ ನಿಂತಿದ್ದೆವು. ಹನ್ನೆರಡು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಇದ್ದಕ್ಕಿದ್ದಂತೆ ನನ್ನ ಮುಂದೆ ನಿಂತವರ ಜೇಬಿನಿಂದ ಯಾವತ್ತೂ ಕೇಳಿರದ ಕರ್ಕಶ ಸದ್ದು ಹೊರಟಿತು. ಅವರು ಗಾಬರಿಯಿಂದ ಫೋನು ತೆಗೆಯುವಷ್ಟರಲ್ಲಿ ನನ್ನದೂ ಕೂಗಿತು, ಹಿಂದಿನವರದೂ ಕೂಗಿತು. ತೂಕದ ಯಂತ್ರದ ಪಕ್ಕ ಇಟ್ಟಿದ್ದ ಅಂಗಡಿಯವರ ಫೋನು ನಡುಗುತ್ತಾ ಮೇಜಿನ ಅಂಚಿಗೇ ಸರಿದುಬಂತು. ಪರದೆಯ ಮೇಲಿದ್ದದ್ದು ಭಾರತ ಸರ್ಕಾರದ ದೂರಸಂಪರ್ಕ ಇಲಾಖೆಯ ಪರೀಕ್ಷಾ ಸಂದೇಶ. ಇದನ್ನು ನಿರ್ಲಕ್ಷಿಸಿ, ನೀವು ಏನೂ ಮಾಡಬೇಕಾಗಿಲ್ಲ ಎಂದು ಅದೇ ಹೇಳುತ್ತಿತ್ತು.

ಸಾಲಿನಲ್ಲಿದ್ದ ಒಬ್ಬ ಅಜ್ಜಿ ಸೆರಗಿನ ಗಂಟಿನಿಂದ ತಮ್ಮ ಕೀಪ್ಯಾಡ್ ಫೋನು ತೆಗೆದು ನೋಡಿದರು. ಅದು ಸುಮ್ಮನಿತ್ತು. "ಎಲ್ಲರದ್ದೂ ಹೊಡೆದುಕೊಂಡಿತಲ್ಲಪ್ಪಾ, ನನ್ನದೇಕೆ ಸುಮ್ಮನಿದೆ?" ಎಂದು ಕೇಳಿದರು. ನಮ್ಮಲ್ಲಿ ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಉತ್ತರ ಹುಡುಕುತ್ತಾ ಹೋದಾಗ ತಿಳಿದದ್ದನ್ನೆಲ್ಲ ಇಲ್ಲಿ ಹೇಳುತ್ತಿದ್ದೇನೆ.

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ಅಂದು ಬಂದದ್ದು ಎಸ್‌ಎಂಎಸ್ ಅಲ್ಲ. ಎಸ್‌ಎಂಎಸ್ ಎಂದರೆ ಅಂಚೆ ಇದ್ದ ಹಾಗೆ. ಅದಕ್ಕೆ ವಿಳಾಸ ಬೇಕು, ಅಂದರೆ ನಿಮ್ಮ ನಂಬರು ಬೇಕು. ಕಳುಹಿಸಿದ ಸಂದೇಶ ಮೊದಲು ಕಂಪನಿಯ ಸಂದೇಶ ಕೇಂದ್ರಕ್ಕೆ ಹೋಗಿ ಕೂರುತ್ತದೆ. ಆ ನಂಬರಿನ ಫೋನು ಈಗ ಎಲ್ಲಿದೆ ಎಂದು ಜಾಲ ಹುಡುಕುತ್ತದೆ, ಫೋನನ್ನು ಕೂಗಿ ಎಬ್ಬಿಸುತ್ತದೆ, ಅದು ಓಗೊಟ್ಟ ಮೇಲೆ ಸಂದೇಶವನ್ನು ಅದರ ಕೈಗಿಟ್ಟು, ತಲುಪಿತು ಎಂಬ ಖಾತ್ರಿ ಪಡೆದು ಮುಂದಿನ ನಂಬರಿಗೆ ಹೋಗುತ್ತದೆ. ಒಂದು ಜಿಲ್ಲೆಯಲ್ಲಿ ಹತ್ತು ಲಕ್ಷ ಫೋನುಗಳಿದ್ದರೆ ಈ ಕೆಲಸ ಹತ್ತು ಲಕ್ಷ ಸಲ ಆಗಬೇಕು. ವಿಪತ್ತಿನ ಹೊತ್ತಿನಲ್ಲಿ ಜನರೆಲ್ಲ ಒಟ್ಟಿಗೆ ಮನೆಯವರಿಗೆ ಫೋನು ಮಾಡುತ್ತಿರುತ್ತಾರೆ. ಜಾಲ ಮೊದಲೇ ಉಸಿರುಗಟ್ಟಿರುತ್ತದೆ. ಪ್ರವಾಹದ ಎಚ್ಚರಿಕೆ ನೀರು ಇಳಿದ ಮೇಲೆ ಬಂದು ತಲುಪಿದರೆ ಅದರಿಂದ ಯಾರಿಗೂ ಉಪಯೋಗವಿಲ್ಲ.

ಅಂದು ನಮ್ಮ ಫೋನುಗಳನ್ನು ಕೂಗಿಸಿದ್ದು ಸೆಲ್ ಬ್ರಾಡ್‌ಕಾಸ್ಟ್ ಎಂಬ ವ್ಯವಸ್ಥೆ. ಇದು ಅಂಚೆಯಲ್ಲ, ಡಂಗುರ. ಹಿಂದೆ ಊರಿನಲ್ಲಿ ಡಂಗುರ ಸಾರುವವನು ಯಾರ ಮನೆಯ ಬಾಗಿಲನ್ನೂ ತಟ್ಟುತ್ತಿರಲಿಲ್ಲ. ಬೀದಿಯ ನಡುವೆ ನಿಂತು ತಮಟೆ ಬಾರಿಸಿ ಹೇಳುತ್ತಿದ್ದ, ಕಿವಿಗೆ ಬಿದ್ದವರೆಲ್ಲ ಕೇಳಿಸಿಕೊಳ್ಳುತ್ತಿದ್ದರು. ಊರಿನಲ್ಲಿ ನೂರು ಜನರಿದ್ದರೂ ಸಾವಿರ ಜನರಿದ್ದರೂ ಅವನಿಗೆ ಒಂದೇ ಶ್ರಮ. ಟವರ್ ಕೂಡ ಹಾಗೆಯೇ, ತನ್ನ ವ್ಯಾಪ್ತಿಯಲ್ಲಿ ಸಂದೇಶವನ್ನು ಗಾಳಿಗೆ ಬಿಡುತ್ತದೆ, ಅಲ್ಲಿರುವ ಫೋನುಗಳೆಲ್ಲ ಒಂದೇ ಸಲಕ್ಕೆ ಹಿಡಿದುಕೊಳ್ಳುತ್ತವೆ. ನಂಬರು ಬೇಡ, ಪಟ್ಟಿ ಬೇಡ, ನಿಮ್ಮ ಖಾತೆಯಲ್ಲಿ ಹಣವೂ ಬೇಡ, ಡೇಟಾ ಚಾಲೂ ಇರಬೇಕಾಗಿಯೂ ಇಲ್ಲ. ಕರೆಗಳ ದಟ್ಟಣೆಯಲ್ಲಿ ಇದು ಸಿಕ್ಕಿಹಾಕಿಕೊಳ್ಳುವುದಿಲ್ಲ, ಏಕೆಂದರೆ ಇದರ ದಾರಿಯೇ ಬೇರೆ.

ಅಂದು ಹಲವರು ತಮ್ಮ ಫೋನು ಹ್ಯಾಕ್ ಆಯಿತೆಂದು ಹೆದರಿದರು, ಸರ್ಕಾರ ತಮ್ಮನ್ನು ಹಿಂಬಾಲಿಸುತ್ತಿದೆ ಎಂದೂ ಕೆಲವರು ಅಂದರು. ನಡೆಯುವುದು ಅದಕ್ಕೆ ತದ್ವಿರುದ್ಧ. ಡಂಗುರ ಸಾರುವವನಿಗೆ ಯಾರು ಕೇಳಿದರು, ಯಾರು ಕೇಳಲಿಲ್ಲ ಎಂಬ ಲೆಕ್ಕ ಸಿಗದು. ಸೆಲ್ ಬ್ರಾಡ್‌ಕಾಸ್ಟ್ ಒಂದೇ ದಿಕ್ಕಿನ ಹರಿವು. ಫೋನು ಕೇಳಿಸಿಕೊಳ್ಳುತ್ತದೆಯೇ ಹೊರತು ಉತ್ತರ ಕೊಡುವುದಿಲ್ಲ. ಸಂದೇಶ ಕಳುಹಿಸಿದವರಿಗೆ ನಿಮ್ಮ ಹೆಸರೂ ಗೊತ್ತಾಗುವುದಿಲ್ಲ, ನಂಬರೂ ಗೊತ್ತಾಗುವುದಿಲ್ಲ.

ಈ ತಂತ್ರ ಹೊಸದೇನೂ ಅಲ್ಲ. 1997ರಲ್ಲಿಯೇ ಪ್ಯಾರಿಸ್‌ನಲ್ಲಿ ಇದರ ಪ್ರಾತ್ಯಕ್ಷಿಕೆ ನಡೆದಿತ್ತು. ನಮ್ಮಲ್ಲಿ ನಲವತ್ತು ದಾಟಿದವರಿಗೆ ಇದರ ಪರಿಚಯವೂ ಇದೆ, ಹೆಸರು ಮಾತ್ರ ಗೊತ್ತಿಲ್ಲ. ಹಳೆಯ ಸಣ್ಣ ಪರದೆಯ ಫೋನುಗಳಲ್ಲಿ ಕಂಪನಿಯ ಹೆಸರಿನ ಕೆಳಗೆ ನಾವಿದ್ದ ಪ್ರದೇಶದ ಹೆಸರು ಮೂಡುತ್ತಿದ್ದದ್ದು ನೆನಪಿದೆಯೇ? ಬಸ್ಸು ಜಯನಗರ ದಾಟಿ ಬನಶಂಕರಿಗೆ ಬಂದರೆ ಅಲ್ಲಿಯೂ ಹೆಸರು ಬದಲಾಗುತ್ತಿತ್ತು. ಅದಕ್ಕಾಗಿ ಮೆನುವಿನೊಳಗೆ ಹೋಗಿ 50ನೇ ಚಾನೆಲ್ ಹಾಕಿಕೊಳ್ಳುತ್ತಿದ್ದೆವು. ಆ ಹೆಸರನ್ನು ಪ್ರತಿ ಟವರೂ ಸೆಲ್ ಬ್ರಾಡ್‌ಕಾಸ್ಟ್ ಮೂಲಕವೇ ಸಾರುತ್ತಿತ್ತು. ಊರಿನ ಹೆಸರು ತೋರಿಸುತ್ತಿದ್ದ ಆ ದಾರಿಯಲ್ಲಿಯೇ ಈಗ ಜೀವ ಉಳಿಸುವ ಮಾತು ಬರುತ್ತಿದೆ. ಇದನ್ನು ತಿಳಿದ ದಿನ ನನಗೆ ನಿಜಕ್ಕೂ ಸಂತೋಷವಾಯಿತು.

ಇನ್ನು ಮಳೆಯ ಹನಿಯಿಂದ ಫೋನಿನ ಕೂಗಿನವರೆಗಿನ ದಾರಿ. ಟವರಿಗೆ ತನ್ನಷ್ಟಕ್ಕೆ ಏನೂ ಗೊತ್ತಿರುವುದಿಲ್ಲ, ಯಾರಾದರೂ ಅಪಾಯವನ್ನು ಗುರುತಿಸಬೇಕು. ಮಳೆ, ಸಿಡಿಲು, ಚಂಡಮಾರುತಕ್ಕೆ ಭಾರತೀಯ ಹವಾಮಾನ ಇಲಾಖೆ, ನದಿಗಳ ಪ್ರವಾಹಕ್ಕೆ ಕೇಂದ್ರ ಜಲ ಆಯೋಗ, ಸುನಾಮಿ ಮತ್ತು ಎತ್ತರದ ಅಲೆಗಳಿಗೆ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್, ಭೂಕುಸಿತಕ್ಕೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ. ನಮ್ಮ ರಾಜ್ಯಕ್ಕೆ ಒಂದು ವಿಶೇಷ ಬಲವೂ ಇದೆ. ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ 1988ರಲ್ಲಿ ಬರಗಾಲದ ಮೇಲೆ ಕಣ್ಣಿಡುವ ಘಟಕವಾಗಿ ಶುರುವಾಯಿತು. ಇಂದು ಗ್ರಾಮ ಪಂಚಾಯಿತಿಗೊಂದರಂತೆ ಆರು ಸಾವಿರಕ್ಕೂ ಹೆಚ್ಚು ಸ್ವಯಂಚಾಲಿತ ಮಳೆಮಾಪಕಗಳು ಅದಕ್ಕೆ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಕಳುಹಿಸುತ್ತವೆ. ಪಂಚಾಯಿತಿ ಕಚೇರಿಯ ಮೇಲೆ ಅಥವಾ ಶಾಲೆಯ ಅಂಗಳದಲ್ಲಿ ಸೌರಫಲಕ ಹೊತ್ತ ಕಂಬವೊಂದನ್ನು ನೀವು ನೋಡಿರಬಹುದು. ಎಚ್ಚರಿಕೆಯ ಮೊದಲ ಅಕ್ಷರ ಎಷ್ಟೋ ಸಲ ಅಲ್ಲಿಯೇ ಹುಟ್ಟುತ್ತದೆ.

ಇಷ್ಟೊಂದು ಸಂಸ್ಥೆಗಳು ಒಂದೊಂದು ಬಗೆಯಲ್ಲಿ ಬರೆದರೆ ಯಂತ್ರಗಳಿಗೆ ಅರ್ಥವಾಗುವುದಿಲ್ಲ. ಅದಕ್ಕಾಗಿ ಜಗತ್ತಿನ ಹಲವು ದೇಶಗಳು ಒಪ್ಪಿಕೊಂಡ ಒಂದು ನಮೂನೆ ಇದೆ. ಅದರ ಹೆಸರು ಕಾಮನ್ ಅಲರ್ಟಿಂಗ್ ಪ್ರೋಟೊಕಾಲ್, ಚಿಕ್ಕದಾಗಿ ಕ್ಯಾಪ್. ಇದೊಂದು ಅರ್ಜಿ ನಮೂನೆಯಂತೆ. ಅಪಾಯ ಯಾವುದು, ಎಷ್ಟು ಬೇಗ ಕ್ರಮ ಕೈಗೊಳ್ಳಬೇಕು, ಎಷ್ಟು ತೀವ್ರ, ಎಷ್ಟು ಖಚಿತ, ಯಾವ ಪ್ರದೇಶ, ಎಷ್ಟು ಹೊತ್ತಿನವರೆಗೆ, ಜನ ಏನು ಮಾಡಬೇಕು, ಹೀಗೆ ಒಂದೊಂದಕ್ಕೂ ಒಂದು ಕಲಂ. ಬೇಗ, ತೀವ್ರ, ಖಚಿತ ಎಂಬ ಮೂರನ್ನು ಬೇರೆ ಬೇರೆ ಇಟ್ಟಿರುವುದು ಬಹಳ ವಿವೇಕದ ಕೆಲಸ. ನಾಳೆ ಬರಬಹುದಾದ ಚಂಡಮಾರುತ ಅತಿ ತೀವ್ರ, ಆದರೆ ತಕ್ಷಣದ್ದಲ್ಲ. ಈಗ ಗದ್ದೆಯ ಮೇಲೆ ಗುಡುಗುತ್ತಿರುವ ಮೋಡ ಅಷ್ಟು ದೊಡ್ಡದಲ್ಲ, ಆದರೆ ಈ ಗಳಿಗೆಯದ್ದು. ಎರಡಕ್ಕೂ ಒಂದೇ ಸೈರನ್ ಊದಿದರೆ ಜನರಿಗೆ ಯಾವುದಕ್ಕೆ ಓಡಬೇಕೆಂದು ತಿಳಿಯುವುದಿಲ್ಲ. ಇದೇ ನಮೂನೆಯಲ್ಲಿ ಒಂದು ಎಚ್ಚರಿಕೆಯನ್ನು ಹಲವು ಭಾಷೆಗಳಲ್ಲಿ ಬರೆಯುವ ಅವಕಾಶವೂ ಇದೆ.

ಪ್ರದೇಶದ ಕಲಂನಲ್ಲಿ ಜಿಲ್ಲೆಯ ಹೆಸರು ಬರೆಯಬಹುದು, ಇಲ್ಲವೇ ನಕ್ಷೆಯ ಮೇಲೆ ಗೆರೆ ಎಳೆದು ಇಷ್ಟೇ ಜಾಗ ಎಂದು ತೋರಿಸಬಹುದು. ಭಾರತದಲ್ಲಿ ಈ ಎಲ್ಲ ಎಚ್ಚರಿಕೆಗಳು ಒಂದೆಡೆ ಸೇರುವ ವೇದಿಕೆಯೇ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ ಸಚೇತ್. ಅದನ್ನು ಕಟ್ಟಿದ್ದು ಸರ್ಕಾರಿ ಸಂಶೋಧನಾ ಸಂಸ್ಥೆ ಸಿ-ಡಾಟ್. ಹವಾಮಾನ ಇಲಾಖೆ ಬರೆದ ಎಚ್ಚರಿಕೆ ಅಲ್ಲಿಂದ ರಾಜ್ಯದ ವಿಪತ್ತು ನಿರ್ವಹಣಾ ಅಧಿಕಾರಿಗಳ ಮುಂದೆ ಬರುತ್ತದೆ. ಅವರು ನೋಡಿ ಒಪ್ಪಿಗೆ ಕೊಟ್ಟ ಮೇಲೆ ಮೊಬೈಲ್ ಕಂಪನಿಗಳಿಗೆ ಹೋಗುತ್ತದೆ. ಇದೇ ವೇದಿಕೆಯಿಂದ ಆಯ್ದ ಪ್ರದೇಶಗಳ ಜನರಿಗೆ ಎಸ್‌ಎಂಎಸ್‌ಗಳೂ ಹೋಗುತ್ತವೆ.

ಕಂಪನಿಯ ಕಡೆಗೆ ಬಂದರೆ, ಅಲ್ಲಿ ಸೆಲ್ ಬ್ರಾಡ್‌ಕಾಸ್ಟ್ ಕೇಂದ್ರ ಎಂಬ ಗಣಕವಿರುತ್ತದೆ. ನಕ್ಷೆಯ ಮೇಲಿನ ಗೆರೆಯೊಳಗೆ ತನ್ನ ಯಾವ ಯಾವ ಟವರುಗಳು ಬೀಳುತ್ತವೆ ಎಂದು ಅದು ಲೆಕ್ಕ ಹಾಕಿ ಆ ಟವರುಗಳಿಗಷ್ಟೇ ಸಂದೇಶ ಕಳುಹಿಸುತ್ತದೆ. ಮುಂದೆ ನಡೆಯುವುದು ಸೊಗಸಾಗಿದೆ. ಜೇಬಿನಲ್ಲಿರುವ ಫೋನು ಬ್ಯಾಟರಿ ಉಳಿಸಲು ಹೆಚ್ಚು ಹೊತ್ತು ನಿದ್ದೆಯಲ್ಲಿರುತ್ತದೆ. ಆಗಾಗ ಕ್ಷಣಮಾತ್ರ ಎಚ್ಚೆತ್ತು, ತನಗೇನಾದರೂ ಕರೆ ಇದೆಯೇ ಎಂದು ಟವರಿನ ದನಿಗೆ ಕಿವಿಗೊಟ್ಟು ಮತ್ತೆ ಮಲಗುತ್ತದೆ. ಆ ಕ್ಷಣದಲ್ಲಿ ಟವರ್ "ತುರ್ತು ಎಚ್ಚರಿಕೆ ಇದೆ, ಫಲಕ ಓದಿಕೊಳ್ಳಿ" ಎಂಬ ಸಣ್ಣ ಸನ್ನೆ ಮಾಡುತ್ತದೆ. ಫಲಕವೆಂದರೆ ಟವರ್ ಸದಾ ಸಾರುತ್ತಲೇ ಇರುವ ಮಾಹಿತಿಯ ಹರಿವು. 4ಜಿ ಜಾಲದಲ್ಲಿ ಅದನ್ನು ಸಂಖ್ಯೆ ಹಾಕಿದ ತುಂಡುಗಳಾಗಿ ಹಂಚಿದ್ದಾರೆ, ಅದರಲ್ಲಿ 12ನೆಯದು ಇಂಥ ಎಚ್ಚರಿಕೆಗಳಿಗೇ ಮೀಸಲು. ಫೋನು ಅದನ್ನು ಓದಿ, ಪರದೆ ಬೆಳಗಿಸಿ, ಕೂಗಿ, ನಡುಗುತ್ತದೆ.

ಟವರ್ ಆ ಸಂದೇಶವನ್ನು ಒಮ್ಮೆ ಹೇಳಿ ಸುಮ್ಮನಾಗುವುದಿಲ್ಲ, ಗೊತ್ತುಪಡಿಸಿದ ಅವಧಿ ಮುಗಿಯುವವರೆಗೂ ಮತ್ತೆ ಮತ್ತೆ ಹೇಳುತ್ತಿರುತ್ತದೆ. ಹಾಗಾಗಿ ಹಾಸನದಿಂದ ಹೊರಟು ಸಕಲೇಶಪುರದ ಕಡೆಗೆ ಬರುತ್ತಿರುವ ಬಸ್ಸಿನಲ್ಲಿ ಕುಳಿತವರಿಗೆ, ಎಚ್ಚರಿಕೆ ಹೊರಟು ಅರ್ಧ ಗಂಟೆಯಾಗಿದ್ದರೂ, ಆ ಪ್ರದೇಶದ ಟವರಿನ ವ್ಯಾಪ್ತಿಗೆ ಬಂದೊಡನೆ ಫೋನು ಕೂಗುತ್ತದೆ. ಎಸ್‌ಎಂಎಸ್‌ಗೆ ಇದು ಸುಲಭವಲ್ಲ. ಹಾಗಾದರೆ ಅಲ್ಲಿಯೇ ಇದ್ದವರ ಫೋನು ಪ್ರತಿ ಸಲವೂ ಏಕೆ ಕೂಗುವುದಿಲ್ಲ? ಪ್ರತಿ ಸಂದೇಶಕ್ಕೂ ಒಂದು ಕ್ರಮಸಂಖ್ಯೆ ಇರುತ್ತದೆ. ಇದನ್ನು ಆಗಲೇ ತೋರಿಸಿದ್ದೇನೆ ಎಂದು ಫೋನು ಅದರಿಂದ ಗುರುತಿಸಿ ಬಿಟ್ಟುಬಿಡುತ್ತದೆ. ಅಂದು ಕೆಲವರಿಗೆ ಎರಡೆರಡು ಸಲ ಬಂದದ್ದೇಕೆಂದರೆ, ಇಂಗ್ಲಿಷಿನ ಸಂದೇಶವೂ ಕನ್ನಡದ ಸಂದೇಶವೂ ಬೇರೆ ಬೇರೆ ಎಂದೇ ಲೆಕ್ಕ. ಬೇರೆ ಕಂಪನಿಗಳ ಎರಡು ಸಿಮ್ ಇದ್ದರೆ ಎರಡೂ ಜಾಲಗಳ ಡಂಗುರ ಕಿವಿಗೆ ಬೀಳಬಹುದು.

ಟವರಿನ ದನಿಗೆ ತಾಲ್ಲೂಕಿನ ಗಡಿ ಗೊತ್ತಿಲ್ಲ. ಹೊಳೆಯ ಈಚೆಗೆಂದು ಸಾರಿದ್ದು ಆಚೆಗೂ ಕೇಳುತ್ತದೆ, ಬೇಡದವರಿಗೂ ಬೀಳುತ್ತದೆ. ಅಮೆರಿಕದಲ್ಲಿ 2019ರಿಂದ ಇದಕ್ಕೊಂದು ಉಪಾಯ ಮಾಡಿದ್ದಾರೆ. ಸಂದೇಶದ ಜೊತೆಗೆ ನಕ್ಷೆಯ ಗೆರೆಯನ್ನೂ ಕಳುಹಿಸುತ್ತಾರೆ. ಹೊಸ ಫೋನುಗಳು ತಾವಿರುವ ಜಾಗವನ್ನು ತಾವೇ ನೋಡಿಕೊಂಡು, ಗೆರೆಯೊಳಗಿದ್ದರೆ ಮಾತ್ರ ಕೂಗುತ್ತವೆ. ಇಲ್ಲಿಯೂ ಜಾಗದ ಮಾಹಿತಿ ಫೋನಿನಿಂದ ಹೊರಗೆ ಹೋಗುವುದಿಲ್ಲ.

ವೇಗದ ವಿಷಯದಲ್ಲಿ ಜಪಾನ್ ಎಲ್ಲರಿಗೂ ಮೇಲ್ಪಂಕ್ತಿ. ಭೂಕಂಪದಲ್ಲಿ ಮೊದಲು ಬರುವ ಅಲೆ ವೇಗವಾದದ್ದು, ಹೆಚ್ಚು ಹಾನಿ ಮಾಡದು. ಕಟ್ಟಡ ಕೆಡಹುವ ಅಲೆ ಅದರ ಹಿಂದೆ ನಿಧಾನವಾಗಿ ಬರುತ್ತದೆ. ಮೊದಲ ಅಲೆಯನ್ನು ಉಪಕರಣಗಳು ಹಿಡಿದ ಕೂಡಲೇ ಫೋನುಗಳಿಗೆ ಹೇಳಿದರೆ, ಎರಡನೆಯದು ಬರುವ ಮೊದಲು ಕೆಲವು ಸೆಕೆಂಡು ಸಿಗುತ್ತದೆ. ಒಲೆ ಆರಿಸುವಷ್ಟು, ಮಗುವನ್ನು ಎಳೆದುಕೊಂಡು ಮೇಜಿನ ಕೆಳಗೆ ಸೇರುವಷ್ಟು. ಅದಕ್ಕಾಗಿ ಅವರು ಬಳಸುವ ಮೊಬೈಲ್ ಮಾನದಂಡದಲ್ಲಿ ಮೊದಲ ಸೂಚನೆ ನಾಲ್ಕು ಸೆಕೆಂಡಿನೊಳಗೆ ಫೋನಿಗೆ ತಲುಪಬೇಕೆಂಬ ಗುರಿ ಇದೆ. ಅಷ್ಟು ಹೊತ್ತಿನಲ್ಲಿ ವಾಕ್ಯ ಬರೆಯಲು ಆಗದು. ಆದ್ದರಿಂದ ಭೂಕಂಪವೋ ಸುನಾಮಿಯೋ ಎಂಬುದಕ್ಕೆ ಮೊದಲೇ ನಿಗದಿಯಾದ ಒಂದು ಸಂಖ್ಯೆ ಹೋಗುತ್ತದೆ, ವಿವರ ಹಿಂದಿನಿಂದ ಬರುತ್ತದೆ.

ಡಂಗುರವೇ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಜರ್ಮನಿ ನೋವಿನಿಂದ ಕಲಿಯಿತು. 2021ರ ಜುಲೈನಲ್ಲಿ ಆರ್ ನದಿಯ ಕಣಿವೆ ಮತ್ತು ಸುತ್ತಲಿನ ಪ್ರದೇಶಗಳಲ್ಲಿ ಪ್ರವಾಹ ಬಂದು ದೇಶದಲ್ಲಿ 180ಕ್ಕೂ ಹೆಚ್ಚು ಜನ ಸತ್ತರು. ಅಷ್ಟು ಮುಂದುವರಿದ ದೇಶದಲ್ಲಿ ಅಂದು ಸೆಲ್ ಬ್ರಾಡ್‌ಕಾಸ್ಟ್ ಇರಲಿಲ್ಲ. 2023ರ ಫೆಬ್ರುವರಿಯಲ್ಲಿ ಅದು ಅಲ್ಲಿ ಬಳಕೆಗೆ ಬಂತು.

ತಪ್ಪು ಡಂಗುರದ ಕಥೆ ಹವಾಯಿಯದು. 2018ರ ಜನವರಿ 13ರ ಬೆಳಗ್ಗೆ 8 ಗಂಟೆ 7 ನಿಮಿಷಕ್ಕೆ ಆ ದ್ವೀಪಗಳ ಜನರ ಫೋನುಗಳಿಗೆ, ಕ್ಷಿಪಣಿ ಬರುತ್ತಿದೆ, ಕೂಡಲೇ ಆಶ್ರಯ ಪಡೆಯಿರಿ, ಇದು ಅಣಕು ಕಾರ್ಯಾಚರಣೆ ಅಲ್ಲ ಎಂಬ ಸಂದೇಶ ಬಂತು. ವಾಸ್ತವವಾಗಿ ಅದು ಅಣಕು ಕಾರ್ಯಾಚರಣೆಯೇ ಆಗಿತ್ತು, ಒಬ್ಬ ನೌಕರ ಅದನ್ನು ನಿಜವೆಂದು ತಿಳಿದು ಗುಂಡಿ ಒತ್ತಿದ್ದರು. ತಪ್ಪಾಯಿತು ಎಂಬ ಮರುಸಂದೇಶ ಫೋನುಗಳಿಗೆ ಬರಲು 38 ನಿಮಿಷ ಹಿಡಿಯಿತು, ಏಕೆಂದರೆ ತಿದ್ದುಪಡಿಗೆ ಸಿದ್ಧ ನಮೂನೆಯೇ ಅವರ ಬಳಿ ಇರಲಿಲ್ಲ. ಆಮೇಲೆ ಇಂಥ ಸಂದೇಶಕ್ಕೆ ಇಬ್ಬರ ಒಪ್ಪಿಗೆ ಬೇಕೆಂಬ ನಿಯಮ ತಂದರು. ಯಂತ್ರ ಅಂದು ತನ್ನ ಕೆಲಸವನ್ನು ಚೊಕ್ಕವಾಗಿಯೇ ಮಾಡಿತ್ತು.

ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಸಂದೇಶದ ಮಾತು. ನಮ್ಮ ಲಿಪಿಯನ್ನು ಫೋನಿನ ಜಾಲ ಹೇಗೆ ಎಣಿಸುತ್ತದೆ ನೋಡಿ. ಭೂಕುಸಿತ ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರ ಮೂಲ ಅಕ್ಷರವನ್ನೂ ಗುಣಿತದ ಚಿಹ್ನೆಯನ್ನೂ ಬೇರೆ ಬೇರೆ ಎಣಿಸಿ ಏಳು ಎನ್ನುತ್ತದೆ. ಸ್ತ್ರೀ ಎಂಬ ಒಂದೇ ಅಕ್ಷರ ಅದಕ್ಕೆ ಆರು. ಇಂಗ್ಲಿಷಿನ ಒಂದು ಎಸ್‌ಎಂಎಸ್‌ನಲ್ಲಿ 160 ಚಿಹ್ನೆ ಹಿಡಿದರೆ ಕನ್ನಡದಲ್ಲಿ 70 ಮಾತ್ರ. ಸೆಲ್ ಬ್ರಾಡ್‌ಕಾಸ್ಟಿನ ಒಂದು ಪುಟದಲ್ಲಿ ಇಂಗ್ಲಿಷಿಗೆ 93, ಕನ್ನಡಕ್ಕೆ 41. ಆದರೆ ಅಲ್ಲಿ ಒಂದು ಸಂದೇಶಕ್ಕೆ 15 ಪುಟಗಳವರೆಗೆ ಅವಕಾಶವಿದೆ, ಅಂದರೆ ಸುಮಾರು 600 ಚಿಹ್ನೆ. ಕನ್ನಡದಲ್ಲಿ ಹೇಳಲು ಜಾಗವಿಲ್ಲ ಎಂಬ ನೆಪ ಇಲ್ಲಿ ನಡೆಯುವುದಿಲ್ಲ.

ಪರೀಕ್ಷೆಗೆಂದು ನಾನೇ ಒಂದು ಸಂದೇಶ ಬರೆದು ಎಣಿಸಿದೆ: "ಹೊಳೆ ಉಕ್ಕುತ್ತಿದೆ. ದಂಡೆಯ ಮನೆಯವರು ಈಗಲೇ ಹೊರಟು ಶಾಲೆಗೆ ಬನ್ನಿ. ಸೇತುವೆ ದಾಟಬೇಡಿ." ಖಾಲಿ ಜಾಗ, ಚುಕ್ಕಿ ಎಲ್ಲ ಸೇರಿ 72. ಎಸ್‌ಎಂಎಸ್ ಆದರೆ ಎರಡೇ ಎರಡು ಚಿಹ್ನೆ ಹೆಚ್ಚಾಗಿ ಎರಡು ತುಂಡಾಗಬೇಕು. ಸೆಲ್ ಬ್ರಾಡ್‌ಕಾಸ್ಟಿನಲ್ಲಿ ಎರಡು ಪುಟದೊಳಗೆ ಮುಗಿಯಿತು, ಇನ್ನೂ 13 ಪುಟ ಉಳಿಯಿತು. ಯಾವ ಶಾಲೆ, ಎಷ್ಟು ಗಂಟೆಯೊಳಗೆ, ಯಾವ ರಸ್ತೆಯಲ್ಲಿ, ದನಕರುಗಳನ್ನು ಏನು ಮಾಡಬೇಕು, ಎಲ್ಲವನ್ನೂ ಹೇಳಬಹುದು. ಇದರ ಬದಲು, "ಜಿಲ್ಲೆಯ ಕೆಲವು ಭಾಗಗಳಲ್ಲಿ ಗುಡುಗು ಸಹಿತ ಭಾರಿ ಮಳೆಯಾಗುವ ಸಂಭವವಿರುವುದರಿಂದ ಸಾರ್ವಜನಿಕರು ಸೂಕ್ತ ಮುನ್ನೆಚ್ಚರಿಕೆ ವಹಿಸತಕ್ಕದ್ದು" ಎಂದು ಕಳುಹಿಸಿದರೆ, ಓದಿದವರು ಕಿಟಕಿಯಿಂದ ಆಚೆ ಒಮ್ಮೆ ನೋಡಿ ಫೋನನ್ನು ಕೆಳಗಿಡುತ್ತಾರೆ. ಅವರ ತಪ್ಪಲ್ಲ. ಕೆಲವು ಭಾಗ ಎಂದರೆ ತಮ್ಮ ಭಾಗವೇ ಎಂದು ಅವರಿಗೆ ಹೇಗೆ ತಿಳಿಯಬೇಕು? ಹತ್ತು ಸಲ ಹೀಗೆ ಬಂದರೆ ಹನ್ನೊಂದನೆಯದನ್ನು ಓದುವ ಮೊದಲೇ ಒರೆಸಿಹಾಕುತ್ತಾರೆ, ನಿಜವಾದ ಅಪಾಯ ಆ ಹನ್ನೊಂದನೆಯದರಲ್ಲಿರಬಹುದು.

ದಾರಿಯ ಕೊನೆಯ ತುಂಡು ಟವರ್. ಅದಕ್ಕೆ ಕರೆಂಟು ಬೇಕು. ಕರೆಂಟು ಹೋದರೆ ಬ್ಯಾಟರಿ, ಬ್ಯಾಟರಿ ತೀರಿದರೆ ಡೀಸೆಲ್ ಜನರೇಟರ್, ರಸ್ತೆ ಮುರಿದರೆ ಡೀಸೆಲ್ಲೂ ಬರುವುದಿಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದಾಗ ವಿದ್ಯುತ್ತು, ರಸ್ತೆ, ಫೋನು ಮೂರೂ ಕೈಕೊಟ್ಟ ಊರುಗಳಿದ್ದವು. ಉತ್ತರ ಕನ್ನಡದ ಘಟ್ಟದ ಹಳ್ಳಿಗಳಲ್ಲಿ ಇಂದಿಗೂ ಸಿಗ್ನಲ್‌ಗಾಗಿ ಗುಡ್ಡ ಹತ್ತುವವರಿದ್ದಾರೆ. ಅತಿ ಹೆಚ್ಚು ಮಳೆ ಸುರಿಯುವ, ಮಣ್ಣು ಜಾರುವ ಊರುಗಳಲ್ಲೇ ಹಲವು ಸಿಗ್ನಲ್ ಸಿಗದ ಈ ನೆರಳಿನಲ್ಲಿವೆ. ಅಲ್ಲಿಗೆ ಪಂಚಾಯಿತಿಯ ಧ್ವನಿವರ್ಧಕ, ದೇವಸ್ಥಾನದ ಮತ್ತು ಮಸೀದಿಯ ಮೈಕು, ಆಕಾಶವಾಣಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ ಬೇಕೇ ಬೇಕು. ಅಲ್ಲಿನ ಟವರುಗಳಿಗೆ ಹೆಚ್ಚು ಹೊತ್ತು ಬಾಳುವ ಬ್ಯಾಟರಿ ಮಳೆಗಾಲಕ್ಕೆ ಮೊದಲೇ ಬೇಕು. ಈ ಬೇಡಿಕೆಯನ್ನು ಗ್ರಾಮಸಭೆಗಳಲ್ಲಿ ಗಟ್ಟಿಯಾಗಿಯೇ ಎತ್ತಬೇಕು.

ನಿಮ್ಮ ಫೋನಿನಲ್ಲಿ ನೋಡಿಕೊಳ್ಳಬೇಕಾದದ್ದು ಸ್ವಲ್ಪವೇ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಹುಡುಕುವ ಜಾಗದಲ್ಲಿ ಎಮರ್ಜೆನ್ಸಿ ಅಲರ್ಟ್ಸ್ ಎಂದು ಹುಡುಕಿದರೆ ವೈರ್‌ಲೆಸ್ ಎಮರ್ಜೆನ್ಸಿ ಅಲರ್ಟ್ಸ್ ಸಿಗುತ್ತದೆ. ಅಲ್ಲಿರುವ ಗುಂಡಿಗಳು ಚಾಲೂ ಇರಲಿ. ಮನೆಯ ಹಿರಿಯರ ಫೋನನ್ನೂ ಒಮ್ಮೆ ತೆರೆದು ನೋಡಿ, ಸದ್ದಿಗೆ ಹೆದರಿ ಯಾರೋ ಆರಿಸಿಟ್ಟಿರುತ್ತಾರೆ. ಏರೋಪ್ಲೇನ್ ಮೋಡ್‌ನಲ್ಲಿರುವ ಅಥವಾ ಬರೀ ವೈಫೈ ಮೇಲೆ ನಡೆಯುವ ಸಾಧನಕ್ಕೆ ಈ ಡಂಗುರ ಕೇಳಿಸುವುದಿಲ್ಲ. ಇನ್ನೊಂದು ಮಾತು: ಈ ಎಚ್ಚರಿಕೆ ಎಂದೂ ಒಟಿಪಿ ಕೇಳುವುದಿಲ್ಲ, ಹಣ ಕೇಳುವುದಿಲ್ಲ. ಹಾಗೆ ಕೇಳಿದ್ದು ಎಚ್ಚರಿಕೆಯಲ್ಲ, ಮೋಸ.

ಅಜ್ಜಿಯ ಪ್ರಶ್ನೆಗೆ ಉತ್ತರ ಒಂದು ಸಂಖ್ಯೆಯಲ್ಲಿತ್ತು. ತುರ್ತು ಎಚ್ಚರಿಕೆಗಳು 4370ರಿಂದ ಮೇಲಿನ ಚಾನೆಲ್‌ಗಳಲ್ಲಿ ಬರುತ್ತವೆ. ಅದನ್ನು ಕೇಳಿಸಿಕೊಳ್ಳುವುದನ್ನು ತಯಾರಕರೇ ಫೋನಿನೊಳಗೆ ಕಲಿಸಿಟ್ಟಿರಬೇಕು. ಅನೇಕ ಹಳೆಯ ಫೋನುಗಳ ಮೆನುವಿನಲ್ಲಿ ಚಾನೆಲ್ ಸಂಖ್ಯೆ ಮೂರಂಕಿಗಿಂತ ಮುಂದೆ ಹೋಗುವುದಿಲ್ಲ. ಭಾರತದಲ್ಲಿ ಮಾರುವ ಫೋನುಗಳಿಗೆ ಈ ಸೌಲಭ್ಯ ಕಡ್ಡಾಯವೆಂಬ ನಿಯಮ ಬಂದದ್ದು 2023ರಲ್ಲಿ, ಅವರ ಫೋನು ಅದಕ್ಕಿಂತ ಬಹಳ ಹಿಂದಿನದು. ಮುಂದಿನ ತಿಂಗಳು ಪಡಿತರಕ್ಕೆ ಹೋದಾಗ ಅವರು ಸಿಕ್ಕರು. ಫೋನು ಕೇಳಿ ಪಡೆದು, ಬ್ರಾಡ್‌ಕಾಸ್ಟ್ ಮೆನು ತೆರೆದು 4370 ಒತ್ತಿ ನೋಡಿದೆ. ಮೂರು ಅಂಕಿಯಾದ ಮೇಲೆ ನಾಲ್ಕನೆಯದು ಮೂಡಲೇ ಇಲ್ಲ. "ಇದಕ್ಕೆ ಆ ಶಕ್ತಿ ಇಲ್ಲ ಅಜ್ಜಿ" ಎಂದೆ. ಅವರು ಫೋನನ್ನು ವಾಪಸು ಸೆರಗಿಗೆ ಕಟ್ಟಿಕೊಂಡು, "ಪಕ್ಕದ ಮನೆಯ ಹುಡುಗಿಯ ಹತ್ತಿರ ಹೊಸದಿದೆ. ಅದು ಕೂಗಿದರೆ ಬಂದು ನನ್ನ ಬಾಗಿಲು ಬಡಿ ಎಂದು ಹೇಳಿಟ್ಟಿದ್ದೇನೆ" ಎಂದರು.